ಎರಡು ಓಪನ್ ಸೋರ್ಸ್ ತಂತ್ರಾಂಶಗಳಲ್ಲಿ ಯಾವುದನ್ನು ಆರಿಸಬೇಕು? ಮೊದಲು ಸಮುದಾಯವನ್ನು ಅಳೆಯಿರಿ

ಒಂದೇ ಕೆಲಸಕ್ಕೆ ಎರಡು ಓಪನ್ ಸೋರ್ಸ್ ತಂತ್ರಾಂಶಗಳು ಎದುರಿಗಿದ್ದರೆ ಹೆಚ್ಚಿನವರು ವೈಶಿಷ್ಟ್ಯಗಳ ಪಟ್ಟಿಯನ್ನು ಅಕ್ಕಪಕ್ಕ ಇಟ್ಟು ಟಿಕ್ ಹಾಕುತ್ತಾ ಹೋಗುತ್ತಾರೆ. ಆ ಪಟ್ಟಿ ಹೇಳುವುದು ಇವತ್ತಿನ ಮಾತನ್ನಷ್ಟೇ. ನೀವು ಆರಿಸಿದ ಡೇಟಾಬೇಸ್, ಎಡಿಟರ್ ಅಥವಾ ಲೈಬ್ರರಿ (ಬೇರೆ ತಂತ್ರಾಂಶಗಳು ಎರವಲು ಪಡೆದು ಬಳಸುವ ಕೋಡ್) ಐದು-ಹತ್ತು ವರ್ಷ ನಿಮ್ಮ ಜತೆ ಇರುತ್ತದೆ. ಅಷ್ಟರಲ್ಲಿ ಆಪರೇಟಿಂಗ್ ಸಿಸ್ಟಂ ಬದಲಾಗುತ್ತದೆ, ಕಂಪೈಲರ್ ಬದಲಾಗುತ್ತದೆ, ಫೈಲ್ ಮಾದರಿಗಳು ಬದಲಾಗುತ್ತವೆ, ಇಂದು ಯಾರಿಗೂ ಗೊತ್ತಿಲ್ಲದ ಭದ್ರತಾ ದೋಷಗಳು ಹೊರಬೀಳುತ್ತವೆ. ಆಗ ಕೋಡ್ ತಿದ್ದಿ ಹೊಸ ಆವೃತ್ತಿ ಕೊಡಲು ಅಲ್ಲಿ ಯಾರಾದರೂ ಇರುತ್ತಾರೆಯೇ? ಆಯ್ಕೆಯನ್ನು ನಿರ್ಧರಿಸಬೇಕಾದದ್ದು ಈ ಪ್ರಶ್ನೆ.

"ಕೋಡ್ ತೆರೆದೇ ಇದೆಯಲ್ಲ, ಯಾರು ಬೇಕಾದರೂ ತಿದ್ದಬಹುದು" ಎಂಬ ಸಮಾಧಾನ ಅರ್ಧ ಮಾತ್ರ ನಿಜ. ಪರವಾನಗಿ ತಿದ್ದುವ ಹಕ್ಕನ್ನು ಕೊಡುತ್ತದೆ, ತಿದ್ದುವ ಜನರನ್ನು ಕೊಡುವುದಿಲ್ಲ. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಬಯಲಾದಾಗ ಇಂಟರ್ನೆಟ್ಟಿನ ಬಹುಪಾಲು ಸುರಕ್ಷಿತ ಸಂಪರ್ಕಗಳು ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿಯ ಮೇಲೆ ನಿಂತಿದ್ದವು. ಆ ಯೋಜನೆಗೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್. ಪೂರ್ಣಾವಧಿ ಕೆಲಸ ಮಾಡುತ್ತಿದ್ದವರು ಒಬ್ಬರು. ದೋಷವಿದ್ದ 1.0.1 ಆವೃತ್ತಿ 2012ರ ಮಾರ್ಚ್‌ನಲ್ಲಿ ಹೊರಬಂದಿತ್ತು. ಕೋಡ್ ಎರಡು ವರ್ಷ ಎಲ್ಲರ ಕಣ್ಣೆದುರೇ ಇದ್ದರೂ ಕೂತು ಓದುವ ಕಣ್ಣುಗಳು ಬೇಕಾದಷ್ಟು ಇರಲಿಲ್ಲ.

ಹೆಸರು ದೊಡ್ಡದೋ, ಜನ ದೊಡ್ಡವರೋ

ಸಮುದಾಯ ಸರಿದುಹೋದರೆ ತಂತ್ರಾಂಶ ಏನಾಗುತ್ತದೆ ಎಂಬುದಕ್ಕೆ ಓಪನ್‌ಆಫೀಸ್ ಮತ್ತು ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶಗಳಿಗಿಂತ ಸ್ಪಷ್ಟವಾದ ಜೋಡಿ ಸಿಗುವುದು ಕಷ್ಟ. ಎರಡರ ಬೇರೂ ಒಂದೇ. 2010ರ ಆರಂಭದಲ್ಲಿ, ಓಪನ್‌ಆಫೀಸ್ ನಡೆಸುತ್ತಿದ್ದ ಸನ್ ಕಂಪನಿಯನ್ನು ಒರಾಕಲ್ ಕೊಂಡಿತು. ಅದೇ ವರ್ಷ ಸೆಪ್ಟೆಂಬರ್ 28ರಂದು ಕೊಡುಗೆದಾರರ ದೊಡ್ಡ ಗುಂಪು ಹೊರಬಂದು ಡಾಕ್ಯುಮೆಂಟ್ ಫೌಂಡೇಶನ್ ಕಟ್ಟಿ, ಲಿಬ್ರೆಆಫೀಸ್ ಎಂಬ ಕವಲನ್ನು (ಅದೇ ಕೋಡಿನ ನಕಲಿನಿಂದ ಬೇರೆಯಾಗಿ ಬೆಳೆಯುವ ಯೋಜನೆಯನ್ನು) ಶುರುಮಾಡಿತು. 2011ರ ಜೂನ್‌ನಲ್ಲಿ ಒರಾಕಲ್ ಮೂಲ ಯೋಜನೆಯನ್ನು ಅಪಾಚೆ ಫೌಂಡೇಶನ್‌ಗೆ ಒಪ್ಪಿಸಿತು. ಅಂದರೆ ಹೆಸರು, ಟ್ರೇಡ್‌ಮಾರ್ಕ್, ಪ್ರಸಿದ್ಧಿ ಒಂದು ಕಡೆ ಉಳಿದವು. ಕೆಲಸ ಮಾಡುವ ಕೈಗಳು ಇನ್ನೊಂದು ಕಡೆ ಹೋದವು.

ಮುಂದಿನದನ್ನು ಆವೃತ್ತಿ ಸಂಖ್ಯೆಗಳೇ ಹೇಳುತ್ತವೆ. ಓಪನ್‌ಆಫೀಸ್ 4.1 ಬಂದದ್ದು 2014ರ ಏಪ್ರಿಲ್‌ನಲ್ಲಿ. ಅಲ್ಲಿಂದೀಚೆಗೆ ಬಂದವೆಲ್ಲ 4.1ರ ಮೇಲಿನ ಸಣ್ಣ ತೇಪೆಗಳು. ಲಿಬ್ರೆಆಫೀಸ್ ವರ್ಷಕ್ಕೆರಡು ಬಾರಿ, ಫೆಬ್ರುವರಿ ಮತ್ತು ಆಗಸ್ಟ್ ಆಸುಪಾಸಿನಲ್ಲಿ, ಹೊಸ ವೈಶಿಷ್ಟ್ಯಗಳ ಆವೃತ್ತಿ ಕೊಡುತ್ತಾ ಬಂದಿದೆ. ಬಳಸುವವರಿಗೆ ಇದು ತಟ್ಟುವ ಜಾಗವನ್ನು ನೋಡಿ: ಓಪನ್‌ಆಫೀಸ್ ಮೈಕ್ರೋಸಾಫ್ಟ್ ವರ್ಡ್‌ನ ಡಾಕ್‌ಎಕ್ಸ್ ಫೈಲನ್ನು ತೆರೆಯುತ್ತದೆ, ಅದೇ ಮಾದರಿಯಲ್ಲಿ ಉಳಿಸಲು ಅದಕ್ಕೆ ಆಗುವುದಿಲ್ಲ. ಲಿಬ್ರೆಆಫೀಸ್ ಎರಡನ್ನೂ ಮಾಡುತ್ತದೆ. 2016ರಲ್ಲಿ ಓಪನ್‌ಆಫೀಸ್‌ನ ಒಂದು ಭದ್ರತಾ ದೋಷ ಪ್ರಕಟವಾದಾಗ ತಿದ್ದಿದ ಪೂರ್ಣ ಆವೃತ್ತಿ ಸಿದ್ಧವಿರಲಿಲ್ಲ, ಬಳಕೆದಾರರು ಒಂದು ಫೈಲನ್ನು ಕೈಯಾರೆ ಬದಲಿಸಿಕೊಳ್ಳಬೇಕಾಯಿತು. ಯೋಜನೆಯನ್ನು ಮುಚ್ಚಬೇಕಾಗಬಹುದೇ ಎಂಬ ಚರ್ಚೆ ಅದೇ ವರ್ಷ ಅದರ ಒಳಗಿನವರಿಂದಲೇ ಎದ್ದಿತು.

ಪರವಾನಗಿಯ ಪಾತ್ರವೂ ಇಲ್ಲಿದೆ. ಅಪಾಚೆ ಪರವಾನಗಿಯ ಕೋಡನ್ನು ಲಿಬ್ರೆಆಫೀಸ್ ತನ್ನೊಳಗೆ ಸೇರಿಸಿಕೊಳ್ಳಬಹುದು. ಲಿಬ್ರೆಆಫೀಸ್‌ನ ಕೋಡನ್ನು ಅಪಾಚೆ ಯೋಜನೆ ಸೇರಿಸಿಕೊಳ್ಳುವಂತಿಲ್ಲ. ನೀರು ಒಂದೇ ಕಡೆಗೆ ಹರಿಯಿತು. ಇಷ್ಟಾದರೂ ಹಳೆಯ ಹೆಸರಿನ ಬಲದಿಂದ ಓಪನ್‌ಆಫೀಸ್ ಡೌನ್‌ಲೋಡ್ ಮಾಡಿಕೊಳ್ಳುವವರು ಇವತ್ತಿಗೂ ಬಹಳ ಮಂದಿ ಇದ್ದಾರೆ. ಹೊಸದಾಗಿ ಹಾಕಿಕೊಳ್ಳುವವರು ಲಿಬ್ರೆಆಫೀಸ್ ಹಾಕಿಕೊಳ್ಳಿ. ಇಲ್ಲಿ ಎರಡು ಮಾತಿಲ್ಲ.

ಅರ್ಧ ದಿನದಲ್ಲಿ ಅಳೆಯುವ ಬಗೆ

ಎಲ್ಲ ಜೋಡಿಗಳೂ ಇಷ್ಟು ಸ್ಪಷ್ಟವಾಗಿರುವುದಿಲ್ಲ. ಆಗ ಕೈಯಾರೆ ಅಳೆಯಬೇಕು. ಒಂದು ಉಪಕರಣಕ್ಕೆ ಅರ್ಧ ದಿನ ಸಾಕು. ಹೋಲಿಸುವ ಎರಡನ್ನೂ ಒಂದೇ ಅವಧಿಗೆ, ಒಂದೇ ಕ್ರಮದಲ್ಲಿ ನೋಡಿ.

ಮೊದಲು ರೆಪೊಸಿಟರಿಯನ್ನು, ಅಂದರೆ ಕೋಡಿನ ಭಂಡಾರವನ್ನು, ಪೂರ್ತಿ ಇತಿಹಾಸ ಸಮೇತ ಕ್ಲೋನ್ ಮಾಡಿ (ನಕಲು ಇಳಿಸಿಕೊಳ್ಳಿ). ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್ ಉಪಕರಣದ ಶಾರ್ಟ್‌ಲಾಗ್ ಆದೇಶಕ್ಕೆ ಕಳೆದ 12 ತಿಂಗಳ ಮಿತಿ ಹಾಕಿ, ಮರ್ಜ್ ಕಮಿಟ್‌ಗಳನ್ನು (ಎರಡು ಶಾಖೆ ಬೆಸೆಯುವ ದಾಖಲೆಗಳನ್ನು) ಬಿಟ್ಟು, ಉಳಿದ ಕಮಿಟ್‌ಗಳ, ಅಂದರೆ ದಾಖಲಾದ ಬದಲಾವಣೆಗಳ, ಲೇಖಕವಾರು ಎಣಿಕೆ ತೆಗೆಯಿರಿ. ಹೆಚ್ಚು ಕಮಿಟ್ ಮಾಡಿದವರಿಂದ ಶುರುಮಾಡಿ ಒಟ್ಟಿನ ಅರ್ಧ ಮುಟ್ಟುವ ತನಕ ಕೂಡುತ್ತಾ ಹೋಗಿ. ಎಷ್ಟು ಜನಕ್ಕೆ ಅರ್ಧ ಮುಟ್ಟಿತೋ ಅದೇ ಆ ಯೋಜನೆಯ ಬಸ್ ಫ್ಯಾಕ್ಟರ್, ಅಂದರೆ ಎಷ್ಟು ಜನ ಒಟ್ಟಿಗೆ ಇಲ್ಲವಾದರೆ ಕೆಲಸ ನಿಲ್ಲುತ್ತದೆ ಎಂಬ ಲೆಕ್ಕ. ಉದಾಹರಣೆಗೆ 400 ಕಮಿಟ್‌ಗಳಲ್ಲಿ 230 ಒಬ್ಬರದ್ದಾದರೆ ಅಂಕಿ 1. ಇನ್ನೊಂದು ಯೋಜನೆಯ 400ರಲ್ಲಿ ಮೊದಲ ನಾಲ್ವರದ್ದು 60, 50, 45, 45 ಆದರೆ ಅಂಕಿ 4. ಒಟ್ಟು ಕೆಲಸ ಸಮವೇ, ಆದರೆ ಮೊದಲನೆಯದು ಒಂಟಿ ಕಂಬದ ಚಪ್ಪರ.

ಈ ಎಣಿಕೆ ತಪ್ಪುವ ಜಾಗಗಳು ಗೊತ್ತಿರಬೇಕು. ಅವಲಂಬನೆಗಳ (ಯೋಜನೆ ಬಳಸುವ ಬೇರೆ ಲೈಬ್ರರಿಗಳ) ಆವೃತ್ತಿ ಏರಿಸುವ ಡಿಪೆಂಡಬಾಟ್, ರೆನೊವೇಟ್‌ನಂಥ ಬಾಟ್‌ಗಳ (ಸ್ವಯಂಚಾಲಿತ ಪ್ರೋಗ್ರಾಂಗಳ) ಕಮಿಟ್‌ಗಳನ್ನು ತೆಗೆಯದಿದ್ದರೆ ನಿಂತುಹೋದ ಯೋಜನೆಯೂ ಓಡುತ್ತಿರುವಂತೆ ಕಾಣುತ್ತದೆ. ಒಬ್ಬರೇ ಎರಡು ಇಮೇಲ್ ವಿಳಾಸಗಳಿಂದ ಕಮಿಟ್ ಮಾಡಿದ್ದರೆ ಇಬ್ಬರಂತೆ ಎಣಿಕೆಯಾಗುತ್ತದೆ, ಹೆಸರು ನೋಡಿ ಸೇರಿಸಿ. ಅನುವಾದದ ಫೈಲುಗಳನ್ನು ಮಾತ್ರ ಮುಟ್ಟಿದ ಕಮಿಟ್‌ಗಳನ್ನು ಬೇರೆ ಎಣಿಸಿ. ಅನುವಾದಕರು ಸಮುದಾಯದ ಜೀವಂತಿಕೆಯ ಒಳ್ಳೆಯ ಲಕ್ಷಣ, ಆದರೆ ಮೆಮೊರಿ ದೋಷ ಬಂದ ದಿನ ಅದನ್ನು ತಿದ್ದುವವರು ಅವರಲ್ಲ.

ಕಮಿಟ್ ಮಾಡುವವರಿಗಿಂತ ಮುಖ್ಯರು ಬಿಡುಗಡೆ ಮಾಡಬಲ್ಲವರು. ಕೊನೆಯ ಐದು ಬಿಡುಗಡೆಗಳ ಟ್ಯಾಗ್‌ಗಳನ್ನು (ಆವೃತ್ತಿಯ ಗುರುತುಗಳನ್ನು) ಯಾರು ಹಾಕಿದ್ದಾರೆ, ಯಾರ ಕೀಲಿಯಿಂದ ಸಹಿಯಾಗಿದೆ ನೋಡಿ. ಐವತ್ತು ಜನ ಕೋಡ್ ಕಳಿಸುವ ಯೋಜನೆಯಲ್ಲೂ ಬಿಡುಗಡೆಯ ಕೀಲಿ, ಡೊಮೈನ್ ಹೆಸರು, ಪ್ಯಾಕೇಜ್ ಖಾತೆ ಒಬ್ಬರ ಕೈಯಲ್ಲೇ ಇರುವುದುಂಟು. ಅವರು ಕಾಯಿಲೆ ಬಿದ್ದರೆ ಐವತ್ತು ಜನರ ಕೆಲಸವೂ ಹೊರಬರುವುದಿಲ್ಲ.

ತಿದ್ದುಪಡಿಯಾದದ್ದು ಬಿಡುಗಡೆಯಾಗಿದೆಯೇ ಎಂಬುದನ್ನು ಹೆಚ್ಚಿನವರು ನೋಡುವುದೇ ಇಲ್ಲ. ಝಡ್‌ಲಿಬ್‌ನ ಉದಾಹರಣೆ ತೆಗೆದುಕೊಳ್ಳಿ. ಜಗತ್ತಿನ ಬಹುತೇಕ ಎಲ್ಲ ಕಂಪ್ಯೂಟರುಗಳಲ್ಲೂ ಇರುವ ಸಂಕುಚನ ಲೈಬ್ರರಿ ಅದು. ಅದರ 1.2.11 ಆವೃತ್ತಿ ಬಂದದ್ದು 2017ರ ಜನವರಿಯಲ್ಲಿ, ಮುಂದಿನ 1.2.12 ಬಂದದ್ದು 2022ರ ಮಾರ್ಚ್‌ನಲ್ಲಿ. ನಡುವೆ 2018ರಲ್ಲಿ ಒಂದು ಮೆಮೊರಿ ದೋಷವನ್ನು ರೆಪೊಸಿಟರಿಯಲ್ಲಿ ತಿದ್ದಿಯೂ ಆಗಿತ್ತು. ಬಿಡುಗಡೆ ಮಾತ್ರ ಆಗಲಿಲ್ಲ. ನಾಲ್ಕು ವರ್ಷದ ನಂತರ ಅದು ಭದ್ರತಾ ದೋಷವೆಂದು ಗುರುತಿಸಲ್ಪಟ್ಟು ಅಂಥ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2018-25032 ಎಂಬ ಸಂಖ್ಯೆ ಪಡೆಯಿತು. ಆದ್ದರಿಂದ ಕೊನೆಯ ಟ್ಯಾಗ್‌ನಿಂದ ಇಂದಿನವರೆಗೆ ಎಷ್ಟು ಕಮಿಟ್‌ಗಳು ಬಿಡುಗಡೆಯಾಗದೆ ಕೂತಿವೆ, ಅವುಗಳಲ್ಲಿ ದೋಷ ತಿದ್ದುಪಡಿಗಳೆಷ್ಟು ಎಂದು ಎಣಿಸಿ. ನೂರಾರು ಕಮಿಟ್, ಒಂದು ವರ್ಷಕ್ಕೂ ಮೀರಿದ ಮೌನ, ಎರಡೂ ಸೇರಿದ್ದರೆ ಅಲ್ಲಿ ಕೋಡ್ ಬರೆಯುವ ಉತ್ಸಾಹವಿದೆ, ಜವಾಬ್ದಾರಿ ಹೊರುವವರಿಲ್ಲ ಎಂದು ತಿಳಿಯಿರಿ.

ಇಶ್ಯೂ ಪಟ್ಟಿಯಲ್ಲಿ ತೆರೆದಿರುವ ದೂರುಗಳ ಒಟ್ಟು ಸಂಖ್ಯೆಗೆ ಬೆಲೆ ಕೊಡಬೇಡಿ. ಬಳಕೆದಾರರು ಹೆಚ್ಚಿದಷ್ಟೂ ದೂರುಗಳು ಹೆಚ್ಚುವುದು ಸಹಜ. ಬದಲಿಗೆ, ಮೂರು ತಿಂಗಳ ಹಿಂದೆ ಬಂದ 30 ಇಶ್ಯೂಗಳನ್ನು ಸಾಲಾಗಿ ತೆರೆದು ಮೊದಲ ಮಾನವ ಉತ್ತರಕ್ಕೆ ಎಷ್ಟು ದಿನ ಹಿಡಿಯಿತು ಎಂದು ಬರೆದುಕೊಳ್ಳಿ. ಅಂಕಿಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಡುವೆ ಬರುವುದು ಒಂದು ವಾರದೊಳಗಿದ್ದರೆ ಒಳ್ಳೆಯದು, ಒಂದು ತಿಂಗಳು ಮೀರಿದರೆ ಚಿಂತಿಸಬೇಕಾದ್ದೇ. "ಅರವತ್ತು ದಿನ ಚಟುವಟಿಕೆ ಇಲ್ಲ, ಮುಚ್ಚಲಾಗಿದೆ" ಎಂದು ಬಾಟ್ ಮುಚ್ಚಿದ್ದನ್ನು ಪರಿಹಾರವೆಂದು ಎಣಿಸಬೇಡಿ. ಉತ್ತರ ಕೊಡುವವರು ಬರೀ ಮೇಂಟೇನರ್‌ಗಳೋ (ಯೋಜನೆಯನ್ನು ನೋಡಿಕೊಳ್ಳುವವರೋ), ಅನುಭವಿ ಬಳಕೆದಾರರೂ ಇದ್ದಾರೆಯೋ ಎಂಬುದನ್ನೂ ಗಮನಿಸಿ. ಬಳಕೆದಾರರೇ ಒಬ್ಬರಿಗೊಬ್ಬರು ಉತ್ತರಿಸುವ ಯೋಜನೆಯಲ್ಲಿ ಮೇಂಟೇನರ್‌ಗಳಿಗೆ ಕೋಡ್ ಬರೆಯಲು ಸಮಯ ಉಳಿಯುತ್ತದೆ. ನಾಳಿನ ಮೇಂಟೇನರ್‌ಗಳು ಬರುವುದೂ ಅವರೊಳಗಿಂದಲೇ.

ಆಮೇಲೆ ಹೊರಗಿನವರು ಕಳಿಸಿದ 20 ಪುಲ್ ರಿಕ್ವೆಸ್ಟ್‌ಗಳನ್ನು (ಸೇರಿಸಿಕೊಳ್ಳಿ ಎಂದು ಕೋರಿ ಕಳಿಸಿದ ಬದಲಾವಣೆಗಳನ್ನು) ನೋಡಿ. ಎಷ್ಟು ಸೇರಿದವು, ಎಷ್ಟು ಕಾರಣ ಹೇಳಿ ತಿರಸ್ಕೃತವಾದವು, ಎಷ್ಟಕ್ಕೆ ಉತ್ತರವೇ ಇಲ್ಲ? ಕಾರಣ ಕೊಟ್ಟು ಬೇಡ ಎನ್ನುವುದು ಆರೋಗ್ಯದ ಲಕ್ಷಣ. ಉತ್ತರವೇ ಬಾರದಿದ್ದರೆ ಕೊಡುಗೆದಾರ ಎರಡನೇ ಸಲ ಬರುವುದಿಲ್ಲ. ಮೊದಲ ಕೊಡುಗೆ ಕೊಟ್ಟ ಆರು ತಿಂಗಳೊಳಗೆ ಮತ್ತೆ ಬಂದವರು ಎಷ್ಟಿದ್ದಾರೆ ಎಂಬ ಎಣಿಕೆ ನನ್ನ ಮಟ್ಟಿಗೆ ಉಳಿದೆಲ್ಲಕ್ಕಿಂತ ಹೆಚ್ಚು ಹೇಳುತ್ತದೆ. ಹಳಬರು ಒಂದಲ್ಲ ಒಂದು ದಿನ ಬಿಡುತ್ತಾರೆ, ಆ ಜಾಗಕ್ಕೆ ಬರುವವರು ಈ ಸಾಲಿನಲ್ಲಿ ಕಾಣಬೇಕು.

ಕೊನೆಗೆ ಕಟ್ಟಿ ನೋಡುವ ಪರೀಕ್ಷೆ. ಖಾಲಿ ಕಂಟೇನರ್ ಒಂದರಲ್ಲಿ (ಬೇರೇನೂ ಇಲ್ಲದ ಪ್ರತ್ಯೇಕ ಕಂಪ್ಯೂಟರ್ ಪರಿಸರದಲ್ಲಿ) ಯೋಜನೆಯ ಸೂಚನೆಗಳನ್ನಷ್ಟೇ ಅನುಸರಿಸಿ ಮೂಲ ಕೋಡಿನಿಂದ ಬಿಲ್ಡ್ ಮಾಡಿ (ಓಡುವ ಪ್ರೋಗ್ರಾಂ ಕಟ್ಟಿ), ಪರೀಕ್ಷೆಗಳನ್ನು ಓಡಿಸಿ. ಎರಡು ಗಂಟೆಯಲ್ಲಿ ಆಗದಿದ್ದರೆ, ಅಥವಾ ಹಳೆಯ ವಿಕಿ ಪುಟದಲ್ಲಿ ಹುದುಗಿದ ಯಾವುದೋ ಆವೃತ್ತಿಯ ಲೈಬ್ರರಿ ಬೇಕೇ ಬೇಕಾದರೆ, ಹೊಸ ಕೊಡುಗೆದಾರರಿಗೆ ಬಾಗಿಲು ಮುಚ್ಚಿದಂತೆಯೇ. ನೀವೇ ಮುಂದೆ ಕವಲು ತೆಗೆದು ನಡೆಸುವ ಆಸೆಯನ್ನೂ ಆಗ ಬಿಟ್ಟುಬಿಡಿ.

ಓಪನ್‌ಎಸ್‌ಎಸ್‌ಎಫ್ ಸ್ಕೋರ್‌ಕಾರ್ಡ್ ಎಂಬ ಉಪಕರಣ ಇಂಥ ಕೆಲವು ಪರೀಕ್ಷೆಗಳನ್ನು ತಾನೇ ಮಾಡಿ 0ಯಿಂದ 10ರವರೆಗೆ ಅಂಕ ಕೊಡುತ್ತದೆ. ನಿರ್ವಹಣೆಯ ಅಂಕಕ್ಕೆ ಅದು ಮುಖ್ಯವಾಗಿ ಕಳೆದ 90 ದಿನಗಳ ಚಟುವಟಿಕೆ ನೋಡುತ್ತದೆ. ಮೊದಲ ಜರಡಿಯಾಗಿ ಅದು ಸರಿ. ಒಬ್ಬರೇ ದಿನವೂ ಕಮಿಟ್ ಮಾಡುವ ಯೋಜನೆಗೂ ಆ ಒಂದು ಸಾಲಿನಲ್ಲಿ ಪೂರ್ತಿ ಅಂಕ ಬರಬಹುದು ಎಂಬುದನ್ನು ಮರೆಯಬೇಡಿ.

ದಾರಿ ತಪ್ಪಿಸುವ ಅಂಕಿಗಳು

ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ಮೆಚ್ಚುಗೆಗೆ ಒತ್ತುವ ನಕ್ಷತ್ರಗಳು ಹೊಗಳಿಕೆ ಮಾತ್ರ, ಕೆಲಸವಲ್ಲ. ಯಾರೋ ಎಂಟು ವರ್ಷದ ಹಿಂದೆ ಒತ್ತಿದ ಗುಂಡಿ ಇವತ್ತಿಗೂ ಎಣಿಕೆಯಲ್ಲಿರುತ್ತದೆ. ಆಟಂ ಎಂಬ ಕೋಡ್ ಎಡಿಟರ್‌ಗೆ ಹತ್ತಾರು ಸಾವಿರ ನಕ್ಷತ್ರಗಳಿದ್ದವು, ಪ್ಲಗಿನ್‌ಗಳೂ ರಾಶಿಯಿದ್ದವು. ಆದರೆ ಒಳಗಿನ ಕೆಲಸ ಗಿಟ್‌ಹಬ್ ಕಂಪನಿಯ ಉದ್ಯೋಗಿಗಳ ಮೇಲೆಯೇ ನಿಂತಿತ್ತು. ಕಂಪನಿಯ ಗಮನ ಬೇರೆಡೆ ಹೋಯಿತು, 2022ರ ಜೂನ್‌ನಲ್ಲಿ ಮುಚ್ಚುವ ಘೋಷಣೆ ಬಂತು, ಡಿಸೆಂಬರ್ 15ರಂದು ರೆಪೊಸಿಟರಿಗಳಿಗೆ ಬೀಗ ಬಿತ್ತು. ಪಲ್ಸರ್ ಎಂಬ ಹೆಸರಿನಲ್ಲಿ ಸಮುದಾಯ ಅದನ್ನು ಎತ್ತಿಕೊಂಡಿದೆ, ಆದರೆ ಆಟಂ ಬಳಸುತ್ತಿದ್ದ ಬಹುಪಾಲು ಜನ ಅಷ್ಟರಲ್ಲಿ ಬೇರೆ ಎಡಿಟರ್‌ಗಳಿಗೆ ಹೋಗಿಯಾಗಿತ್ತು.

ಡೌನ್‌ಲೋಡ್ ಸಂಖ್ಯೆಯಲ್ಲಿ ಸ್ವಯಂಚಾಲಿತ ಬಿಲ್ಡ್ ಯಂತ್ರಗಳ ಪಾಲು ದೊಡ್ಡದು. 2016ರ ಮಾರ್ಚ್‌ನಲ್ಲಿ ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಭಂಡಾರವಾದ ಎನ್‌ಪಿಎಂನಿಂದ ತೆಗೆದುಹಾಕಲ್ಪಟ್ಟು ಸಾವಿರಾರು ಬಿಲ್ಡ್‌ಗಳನ್ನು ಕೆಡವಿದ ಲೆಫ್ಟ್‌ಪ್ಯಾಡ್ ಬರೀ 11 ಸಾಲಿನ ಕೋಡ್. ಅದನ್ನು ಬಳಸುತ್ತಿದ್ದವರಲ್ಲಿ ಹೆಚ್ಚಿನವರಿಗೆ ಅದು ತಮ್ಮಲ್ಲಿದೆ ಎಂಬುದೇ ಗೊತ್ತಿರಲಿಲ್ಲ. ಗೊತ್ತಿಲ್ಲದ ಬಳಕೆದಾರ ಸಮುದಾಯದ ಸದಸ್ಯನಾಗುವುದು ಹೇಗೆ?

ನಿಧಾನವನ್ನು ಸಾವು ಎಂದುಕೊಳ್ಳುವ ತಪ್ಪೂ ಆಗುತ್ತದೆ. ಚಿತ್ರ ತಿದ್ದುವ ತಂತ್ರಾಂಶ ಗಿಂಪ್ 2.10 ಬಂದದ್ದು 2018ರ ಏಪ್ರಿಲ್‌ನಲ್ಲಿ, 3.0 ಬಂದದ್ದು 2025ರ ಮಾರ್ಚ್‌ನಲ್ಲಿ. ಏಳು ವರ್ಷದ ಅಂತರ ನೋಡಿ ಕೈಬಿಟ್ಟವರು ತಪ್ಪಿದರು. ನಡುವೆ 2.10ರ ಸಾಲಿನಲ್ಲೇ ತಿದ್ದುಪಡಿ ಬಿಡುಗಡೆಗಳು ಬರುತ್ತಲೇ ಇದ್ದವು, ಅಭಿವೃದ್ಧಿ ಶಾಖೆಯಲ್ಲಿ ಕೆಲಸ ನಿಂತಿರಲಿಲ್ಲ. ಕೈಗಳು ಕಡಿಮೆ, ಕೆಲಸ ದೊಡ್ಡದು, ಅಷ್ಟೇ. ಹಾಗೆಯೇ ಒಂದು ಮಾನಕವನ್ನು ಪೂರ್ತಿ ಅಳವಡಿಸಿ ಮುಗಿಸಿದ ಸಣ್ಣ ಲೈಬ್ರರಿಗೆ ತಿಂಗಳಿಗೊಂದು ಬಿಡುಗಡೆ ಬೇಕಾಗುವುದಿಲ್ಲ. ಮುಗಿದ ಕೆಲಸಕ್ಕೂ ಸತ್ತ ಕೆಲಸಕ್ಕೂ ವ್ಯತ್ಯಾಸ ತಿಳಿಯಲು ಒಂದು ದಾರಿ: ಹೊಸ ಕಂಪೈಲರ್‌ನಲ್ಲಿ ಬಿಲ್ಡ್ ಆಗುತ್ತಿಲ್ಲ ಎಂಬ ದೂರಿಗೆ ಉತ್ತರ ಬಂದಿದೆಯೇ ನೋಡಿ.

ಒಬ್ಬರದ್ದು, ಕಂಪನಿಯದ್ದು, ಹಲವರದ್ದು

ಅಳತೆಯ ಅಂಕಿಗಳು ಕೈಯಲ್ಲಿದ್ದರೂ ಅವುಗಳ ಅರ್ಥ ಯೋಜನೆ ಯಾರ ಹಿಡಿತದಲ್ಲಿದೆ ಎಂಬುದರ ಮೇಲೆ ಬದಲಾಗುತ್ತದೆ.

ಒಬ್ಬರೇ ನಡೆಸುವ ಯೋಜನೆ ನಿಂತುಹೋಗಬಹುದು ಎಂಬುದು ಎಲ್ಲರಿಗೂ ಹೊಳೆಯುವ ಅಪಾಯ. ಅದಕ್ಕಿಂತ ಕೆಟ್ಟದ್ದು ಅದು ತಪ್ಪು ಕೈಗೆ ಹೋಗುವುದು. ಎಕ್ಸ್‌ಝಡ್ ಎಂಬ ಸಂಕುಚನ ಉಪಕರಣವನ್ನು ಬಹುಕಾಲ ಒಬ್ಬರೇ ನೋಡಿಕೊಳ್ಳುತ್ತಿದ್ದರು, ದಣಿದಿದ್ದರು. 2022ರಲ್ಲಿ ಅಪರಿಚಿತ ಖಾತೆಗಳು ಬಂದು, ಕೆಲಸ ನಿಧಾನವಾಯಿತು, ಇನ್ನೊಬ್ಬರಿಗೆ ಒಪ್ಪಿಸಿ ಎಂದು ಒತ್ತಡ ಹಾಕಿದವು. ಅಷ್ಟರಲ್ಲಾಗಲೇ ಒಳ್ಳೆಯ ತಿದ್ದುಪಡಿಗಳನ್ನು ಕಳಿಸುತ್ತಾ ನಂಬಿಕೆ ಗಳಿಸುತ್ತಿದ್ದ ಜಿಯಾ ಟ್ಯಾನ್ ಎಂಬ ಹೆಸರಿನ ಖಾತೆಗೆ ಕ್ರಮೇಣ ಬಿಡುಗಡೆಯ ಅಧಿಕಾರ ಸಿಕ್ಕಿತು. 2024ರ ಫೆಬ್ರುವರಿ, ಮಾರ್ಚ್‌ನಲ್ಲಿ ಬಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು (ಕದ್ದು ಒಳನುಗ್ಗಲು ಬಿಟ್ಟ ದಾರಿ) ಸೇರಿಕೊಂಡಿತು. ದುಷ್ಟ ಕೋಡನ್ನು ಪರೀಕ್ಷಾ ಫೈಲುಗಳಲ್ಲಿ ಅಡಗಿಸಲಾಗಿತ್ತು. ಅದನ್ನು ಎಬ್ಬಿಸುವ ಬಿಲ್ಡ್ ಸ್ಕ್ರಿಪ್ಟ್ ಬಿಡುಗಡೆಯ ಟಾರ್ ಫೈಲಿನಲ್ಲಿ (ಡೌನ್‌ಲೋಡ್‌ಗೆ ಕಟ್ಟಿಟ್ಟ ಗಂಟಿನಲ್ಲಿ) ಮಾತ್ರ ಇತ್ತು, ಗಿಟ್ ರೆಪೊಸಿಟರಿಯಲ್ಲಿ ಇರಲಿಲ್ಲ. ದೂರದ ಕಂಪ್ಯೂಟರಿಗೆ ಒಳಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಬೆನ್ನುಹತ್ತಿದ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಮಾರ್ಚ್ 29ರಂದು ಇದನ್ನು ಬಯಲಿಗೆಳೆದರು. ಹೆಚ್ಚಿನ ಲಿನಕ್ಸ್ ವಿತರಣೆಗಳ (ಡೆಬಿಯನ್, ಉಬುಂಟುವಿನಂಥ ಸಿದ್ಧ ಆಪರೇಟಿಂಗ್ ಸಿಸ್ಟಂಗಳ) ಸ್ಥಿರ ಆವೃತ್ತಿಗಳಿಗೆ ಅದು ಆಗಿನ್ನೂ ತಲುಪಿರಲಿಲ್ಲ.

2018ರಲ್ಲಿ ಇವೆಂಟ್‌ಸ್ಟ್ರೀಮ್ ಎಂಬ ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗೂ ಇಂಥದೇ ಗತಿಯಾಯಿತು. ಆಸಕ್ತಿ ಕಳೆದುಕೊಂಡಿದ್ದ ಮೇಂಟೇನರ್, ಸಹಾಯ ಮಾಡುತ್ತೇನೆಂದು ಬಂದವರಿಗೆ ಒಪ್ಪಿಸಿದರು. ಬಂದವರು ಬಿಟ್‌ಕಾಯಿನ್ ವಾಲೆಟ್ ಕದಿಯುವ ಕೋಡ್ ಸೇರಿಸಿದರು. ದಣಿದ ಮೇಂಟೇನರ್‌ಗಳನ್ನು ದೂರಿ ಪ್ರಯೋಜನವಿಲ್ಲ. ಸಂಬಳವಿಲ್ಲದೆ ವರ್ಷಗಟ್ಟಲೆ ದುಡಿದವರು ಅವರು. ಆಯ್ಕೆ ಮಾಡುವವರು ನೋಡಬೇಕಾದದ್ದು ಇಷ್ಟು: ಹೊಸ ಮೇಂಟೇನರ್‌ನ ಕೆಲಸವನ್ನು ಪರಿಶೀಲಿಸಲು ಅಲ್ಲಿ ಇನ್ನೊಬ್ಬರಾದರೂ ಇದ್ದಾರೆಯೇ? ಕೊನೆಯ 50 ಕಮಿಟ್‌ಗಳಲ್ಲಿ ಬರೆದವರನ್ನು ಬಿಟ್ಟು ಬೇರೆಯವರು ಒಪ್ಪಿದವು ಎಷ್ಟು ಎಂದು ಎಣಿಸಿದರೆ ಉತ್ತರ ಸಿಗುತ್ತದೆ.

ಇದಕ್ಕೆ ಒಂದು ಗಟ್ಟಿ ಅಪವಾದವಿದೆ, ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್. ಕೋಡ್ ಸಾರ್ವಜನಿಕ ಸ್ವತ್ತು, ಬರೆಯುವವರು ಬೆರಳೆಣಿಕೆಯ ಜನ, ಹೊರಗಿನ ಕೊಡುಗೆಗಳನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದೇ ಇಲ್ಲ. ಮೇಲಿನ ಅಳತೆಗಳಲ್ಲಿ ಅದಕ್ಕೆ ಕಳಪೆ ಅಂಕ ಬರುತ್ತದೆ. ಆದರೂ ಅದನ್ನು ಧೈರ್ಯವಾಗಿ ಆರಿಸಬಹುದು. ದೊಡ್ಡ ಬಳಕೆದಾರ ಸಂಸ್ಥೆಗಳ ಒಕ್ಕೂಟ ಅದಕ್ಕೆ ಹಣ ಕೊಡುತ್ತದೆ, 2050ರವರೆಗೆ ಬೆಂಬಲ ಕೊಡುವ ಯೋಜನೆಯನ್ನು ತಂಡ ಬಹಿರಂಗವಾಗಿ ಹೇಳಿಕೊಂಡಿದೆ, ಕೋಡ್‌ನ ಪ್ರತಿ ಕವಲನ್ನೂ ಮುಟ್ಟುವಷ್ಟು ಪರೀಕ್ಷೆಗಳಿವೆ, ಫೈಲ್ ಮಾದರಿ ಸ್ಥಿರವಾಗಿದೆ. ಸಣ್ಣ ತಂಡ ತನ್ನಷ್ಟಕ್ಕೆ ದೋಷವಲ್ಲ. ಹಣದ ಮೂಲ, ಬದ್ಧತೆ, ಪರೀಕ್ಷೆಗಳು ಯಾವುವೂ ಇಲ್ಲದ ಸಣ್ಣ ತಂಡ ಅಪಾಯ.

ಕಂಪನಿಯ ಯೋಜನೆಗಳಲ್ಲಿ ಕೆಲಸದ ವೇಗ ಚೆನ್ನಾಗಿರುತ್ತದೆ, ದಾಖಲೆಗಳು ಅಚ್ಚುಕಟ್ಟಾಗಿರುತ್ತವೆ. ಕಮಿಟ್‌ಗಳ ಇಮೇಲ್ ಡೊಮೈನ್‌ಗಳನ್ನು ಎಣಿಸಿ: ಹತ್ತರಲ್ಲಿ ಏಳೆಂಟು ಒಂದೇ ಕಂಪನಿಯಿಂದ ಬಂದಿದ್ದರೆ ಆ ಸಮುದಾಯದ ಭವಿಷ್ಯ ಕಂಪನಿಯ ಮುಂದಿನ ಬಜೆಟ್ಟಿನಲ್ಲಿದೆ. ಆಮೇಲೆ ಕೊಡುಗೆದಾರರಿಂದ ಯಾವ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ ಓದಿ. ಕೊಡುಗೆಯನ್ನು ಬೇರೆ ಪರವಾನಗಿಯಲ್ಲೂ ಕೊಡುವ ಹಕ್ಕನ್ನು ಕಂಪನಿಗೆ ಬರೆದುಕೊಡುವ ಸಿಎಲ್‌ಎ (ಕೊಡುಗೆದಾರರ ಪರವಾನಗಿ ಒಪ್ಪಂದ) ಇದ್ದರೆ ಪರವಾನಗಿ ಒಂದು ಬೆಳಗ್ಗೆ ಬದಲಾಗಬಹುದು. ಸರ್ವರ್‌ಗಳನ್ನು ಕೋಡ್ ಮೂಲಕ ಸಜ್ಜುಗೊಳಿಸುವ ಟೆರಾಫಾರ್ಮ್‌ಗೆ 2023ರ ಆಗಸ್ಟ್‌ನಲ್ಲಿ ಆದದ್ದು ಅದೇ. ಲಿನಕ್ಸ್ ಕರ್ನಲ್‌ನಲ್ಲಿ ಅಂಥ ಒಪ್ಪಂದವಿಲ್ಲ, ಪ್ರತಿ ಕಮಿಟ್‌ನಲ್ಲೂ ಇದು ಕೊಡಲು ನನಗೆ ಹಕ್ಕಿದೆ ಎಂಬ ಸಹಿ ಸಾಲು ಮಾತ್ರ. ಹಕ್ಕುಸ್ವಾಮ್ಯ ಸಾವಿರಾರು ಜನರಲ್ಲಿ ಹಂಚಿಹೋಗಿರುವುದರಿಂದ ಅದರ ಪರವಾನಗಿಯನ್ನು ಯಾರೊಬ್ಬರೂ ಬದಲಿಸಲಾರರು. ಬಿಎಸ್‌ಡಿಯಂಥ ಸಡಿಲ ಪರವಾನಗಿಯಿದ್ದರೆ ಸಿಎಲ್‌ಎ ಇಲ್ಲದೆಯೂ ಮುಂದಿನ ಆವೃತ್ತಿಗಳನ್ನು ಬೇರೆ ಪರವಾನಗಿಗೆ ಒಯ್ಯಬಹುದು ಎಂಬುದನ್ನು 2024ರಲ್ಲಿ ರೆಡಿಸ್ ಎಂಬ ಡೇಟಾಬೇಸ್ ತೋರಿಸಿತು.

ಹಲವರ ಕೈಯಲ್ಲಿರುವ ಯೋಜನೆಗೆ ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಡೇಟಾಬೇಸ್ ಮಾದರಿ. ವರ್ಷಕ್ಕೊಂದು ದೊಡ್ಡ ಆವೃತ್ತಿ, ಪ್ರತಿಯೊಂದಕ್ಕೂ 5 ವರ್ಷ ಬೆಂಬಲ, ಫೆಬ್ರುವರಿ, ಮೇ, ಆಗಸ್ಟ್, ನವೆಂಬರ್‌ನಲ್ಲಿ ತಿದ್ದುಪಡಿ ಬಿಡುಗಡೆಗಳು. ಅದರ ಕೋರ್ ತಂಡದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಂದೇ ಕಂಪನಿಯವರಾಗಿರಬಾರದು ಎಂಬ ನಿಯಮವಿದೆ. 2020ರಲ್ಲಿ ಒಂದು ಕಂಪನಿ ಇನ್ನೊಂದನ್ನು ಕೊಂಡದ್ದರಿಂದ ಆ ಅನುಪಾತ ಕೆಟ್ಟಾಗ, ಹೊಸದಾಗಿ ಇಬ್ಬರನ್ನು ಸೇರಿಸಿಕೊಂಡು ಸರಿಪಡಿಸಿದರು. ಆ ಇಬ್ಬರಲ್ಲಿ ಒಬ್ಬರು ಮೇಲೆ ಹೇಳಿದ ಆಂಡ್ರೆಸ್ ಫ್ರಾಯಿಂಡ್. ಮೈಎಸ್‌ಕ್ಯೂಎಲ್ ತಾಂತ್ರಿಕವಾಗಿ ಗಟ್ಟಿಯಾದ ಡೇಟಾಬೇಸ್, ಆದರೆ ಅದರ ದಿಕ್ಕನ್ನು ಒರಾಕಲ್ ಒಂದೇ ನಿರ್ಧರಿಸುತ್ತದೆ. ಹೊಸ ಕೆಲಸಕ್ಕೆ ಎರಡೂ ಸಮನಾಗಿ ಒಗ್ಗುವಂತಿದ್ದರೆ ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಕಡೆಗೆ ತೂಗಲು ಈ ಒಂದು ಕಾರಣ ಸಾಕು.

ಕವಲೊಡೆದಾಗ ಯಾವ ಕಡೆ?

ಕೋಪದಲ್ಲಿ ಹುಟ್ಟಿದ ಕವಲುಗಳಲ್ಲಿ ಹೆಚ್ಚಿನವು ಹೆಸರು ಬದಲಿಸಿದ ಮೊದಲ ಕಮಿಟ್‌ನಾಚೆ ಹೋಗುವುದಿಲ್ಲ. ಆದ್ದರಿಂದ ಘೋಷಣೆ ಓದಿ ವಲಸೆ ಹೊರಡಬೇಡಿ. ಒಡೆಯುವ ಹಿಂದಿನ ವರ್ಷ ಹೆಚ್ಚು ಕೆಲಸ ಮಾಡಿದ ಹತ್ತು ಜನರ ಪಟ್ಟಿ ಮಾಡಿ. ಒಡೆದ ಆರು ತಿಂಗಳ ನಂತರ ಅವರಲ್ಲಿ ಎಷ್ಟು ಜನ ಯಾವ ಕಡೆ ಕಮಿಟ್ ಮಾಡುತ್ತಿದ್ದಾರೆ ನೋಡಿ. ಲಿನಕ್ಸ್ ವಿತರಣೆಗಳು ಯಾವುದನ್ನು ಪ್ಯಾಕೇಜ್ ಮಾಡುತ್ತಿವೆ, ಪ್ಲಗಿನ್ ಬರೆಯುವವರು ಎಲ್ಲಿಗೆ ಹೋದರು ಎಂಬುದು ಮುಂದಿನ ಸೂಚನೆ.

2011ರಲ್ಲಿ ಸ್ವಯಂಚಾಲಿತ ಬಿಲ್ಡ್ ಉಪಕರಣ ಹಡ್ಸನ್‌ನಿಂದ ಜೆಂಕಿನ್ಸ್ ಬೇರೆಯಾದಾಗ ಬರೆಯುವವರೂ ಪ್ಲಗಿನ್‌ಗಳೂ ಜೆಂಕಿನ್ಸ್ ಹಿಂದೆ ಹೋದವು. ಹೆಸರಿನ ಹಕ್ಕು ಉಳಿಸಿಕೊಂಡ ಹಡ್ಸನ್ ಕೊನೆಗೆ ನಿಂತಿತು. ಅದೇ ವರ್ಷ ವಿಡಿಯೊ, ಆಡಿಯೊ ಪರಿವರ್ತಿಸುವ ಎಫ್‌ಎಫ್‌ಎಂಪೆಗ್‌ನಿಂದ ಲಿಬ್‌ಎವಿ ಹೊರಬಂತು, ಡೆಬಿಯನ್ ಮತ್ತು ಉಬುಂಟು ಅದನ್ನೇ ಹಿಡಿದವು. ಎಫ್‌ಎಫ್‌ಎಂಪೆಗ್ ತಂಡ ಕುಗ್ಗಲಿಲ್ಲ. ಲಿಬ್‌ಎವಿಯ ತಿದ್ದುಪಡಿಗಳನ್ನೂ ತನ್ನೊಳಗೆ ಸೇರಿಸಿಕೊಳ್ಳುತ್ತಾ, ತನ್ನದನ್ನೂ ಬೆಳೆಸುತ್ತಾ ಹೋಯಿತು. 2015ರ ಹೊತ್ತಿಗೆ ಎರಡೂ ವಿತರಣೆಗಳು ಎಫ್‌ಎಫ್‌ಎಂಪೆಗ್‌ಗೆ ಮರಳಿದವು. ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ ಕಥೆ ಇನ್ನೂ ಹಿತ: 2014ರ ಕೊನೆಯಲ್ಲಿ ಅದರಿಂದ ಸಿಡಿದ ಐಒಜೆಎಸ್ ಎಂಬ ಕವಲು, ಮುಕ್ತ ಆಡಳಿತ ಸಿಕ್ಕ ಮೇಲೆ 2015ರ ಸೆಪ್ಟೆಂಬರ್‌ನಲ್ಲಿ ನೋಡ್ 4.0 ಆಗಿ ಮತ್ತೆ ಒಂದಾಯಿತು.

ಈಚಿನ ಜೋಡಿಗಳಲ್ಲಿ ಆಯ್ಕೆ ಅಷ್ಟು ಸಲೀಸಲ್ಲ. ರೆಡಿಸ್ ಪರವಾನಗಿ ಬದಲಿಸಿದ್ದು 2024ರ ಮಾರ್ಚ್ 20ರಂದು. ಎಂಟೇ ದಿನದಲ್ಲಿ ಲಿನಕ್ಸ್ ಫೌಂಡೇಶನ್ ಅಡಿಯಲ್ಲಿ ವಾಲ್ಕೀ ಎಂಬ ಅದರ ಕವಲು ಘೋಷಣೆಯಾಯಿತು. ರೆಡಿಸ್‌ಗೆ ಹೊರಗಿನಿಂದ ಕೊಡುಗೆ ನೀಡುತ್ತಿದ್ದ ಪ್ರಮುಖರು ಅಲ್ಲಿಗೆ ಹೋದರು, ದೊಡ್ಡ ಕ್ಲೌಡ್ ಕಂಪನಿಗಳು ಜತೆ ನಿಂತವು. 2025ರ ಮೇ ತಿಂಗಳಲ್ಲಿ ರೆಡಿಸ್ 8ಕ್ಕೆ ಎಜಿಪಿಎಲ್ ಎಂಬ ಮುಕ್ತ ಪರವಾನಗಿಯ ಆಯ್ಕೆ ಸೇರಿತು, ಅಂದರೆ ಅದು ಮತ್ತೆ ಓಪನ್ ಸೋರ್ಸ್. 7.2ರವರೆಗಿನ ಸಾಮಾನ್ಯ ಆದೇಶಗಳನ್ನಷ್ಟೇ ಬಳಸುವವರು ವಾಲ್ಕೀ ಹಿಡಿಯಲಿ, ಅದು 7.2.4ರಿಂದಲೇ ಹೊರಟಿದ್ದು, ಬಿಎಸ್‌ಡಿ ಪರವಾನಗಿಯೂ ಉಳಿದಿದೆ. ರೆಡಿಸ್ 8ರ ಹೊಸ ಡೇಟಾ ಮಾದರಿಗಳು ಬೇಕೇ ಬೇಕಾದವರು ಅಲ್ಲೇ ಇರಲಿ, ಎಜಿಪಿಎಲ್‌ನ ಷರತ್ತುಗಳನ್ನು ಮೊದಲು ಓದಿಕೊಳ್ಳಲಿ. ಟೆರಾಫಾರ್ಮ್ ಮತ್ತು ಅದರ ಕವಲು ಓಪನ್‌ಟೋಫು ಜೋಡಿಯಲ್ಲಿ ತಡ ಮಾಡಿದಷ್ಟೂ ಬದಲಾವಣೆ ಕಷ್ಟ. ಓಪನ್‌ಟೋಫು 1.6 ಬಂದದ್ದು 2024ರ ಜನವರಿಯಲ್ಲಿ. ಟೆರಾಫಾರ್ಮ್ 1.5ರ ಕಾಲದ ಸಂರಚನೆಗಳು ಸುಲಭವಾಗಿ ದಾಟುತ್ತವೆ. ಆಮೇಲೆ ಎರಡೂ ಬೇರೆ ಬೇರೆ ವೈಶಿಷ್ಟ್ಯಗಳನ್ನು ಬೆಳೆಸಿಕೊಂಡಿವೆ, ಸ್ಟೇಟ್ ಫೈಲಿನ (ಈಗ ಏನೇನು ಚಾಲ್ತಿಯಲ್ಲಿದೆ ಎಂಬ ದಾಖಲೆಯ) ಗೂಢಲಿಪೀಕರಣ ಓಪನ್‌ಟೋಫು 1.7ರಿಂದ ಇದೆ. ಸ್ಟೇಟ್ ಫೈಲಿನ ನಕಲು ತೆಗೆದಿಡದೆ ಎರಡರ ನಡುವೆ ಓಡಾಡಬೇಡಿ.

ದುರ್ಬಲ ಸಮುದಾಯದ್ದನ್ನೇ ಆರಿಸಬೇಕಾದರೆ

ಕೆಲವೊಮ್ಮೆ ನಿಮ್ಮ ಕೆಲಸಕ್ಕೆ ಒಗ್ಗುವುದು ಒಬ್ಬರೇ ನಡೆಸುವ ಉಪಕರಣ ಮಾತ್ರ. ಆಗ ಹೊರಬರುವ ದಾರಿಯನ್ನು ಒಳಹೋಗುವ ಮೊದಲೇ ಕಟ್ಟಿ. ರೆಪೊಸಿಟರಿಯ ಕನ್ನಡಿ ಪ್ರತಿ ನಿಮ್ಮ ಸರ್ವರಿನಲ್ಲಿ ಇರಲಿ, ದಿನಕ್ಕೊಮ್ಮೆ ಹೊಸದಾಗಲಿ. ಅವಲಂಬನೆಯ ಆವೃತ್ತಿಯನ್ನು ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಸಮೇತ ಲಾಕ್ ಫೈಲಿನಲ್ಲಿ ಕಟ್ಟಿಹಾಕಿ. ಹೊಸ ಆವೃತ್ತಿ ಬಂದ ದಿನವೇ ತೆಗೆದುಕೊಳ್ಳದೆ ಒಂದೆರಡು ವಾರ ಕಾಯಿರಿ, ಭದ್ರತಾ ತಿದ್ದುಪಡಿ ಮಾತ್ರ ಇದಕ್ಕೆ ಹೊರತು. ಟಾರ್ ಫೈಲಿಗಿಂತ ಟ್ಯಾಗ್‌ನಿಂದ ನೇರ ಬಿಲ್ಡ್ ಮಾಡಿ. ಆ ಲೈಬ್ರರಿಯನ್ನು ಕೋಡ್‌ನ ನೂರು ಜಾಗಗಳಿಂದ ಕರೆಯಬೇಡಿ. ನಿಮ್ಮದೇ ತೆಳುವಾದ ಒಂದು ಪದರದ ಮೂಲಕ ಕರೆದರೆ ಬದಲಿಸುವ ದಿನ ಒಂದೇ ಫೈಲ್ ಮುಟ್ಟಿದರಾಯಿತು. ಡೇಟಾ ಮುಕ್ತ ಮಾದರಿಗೆ ರಫ್ತಾಗುತ್ತದೆಯೇ ಎಂಬುದನ್ನು ದಾಖಲೆ ಓದಿ ನಂಬಬೇಡಿ. ನಿಜವಾದ ಡೇಟಾ ತೆಗೆದು ಇನ್ನೊಂದು ಉಪಕರಣಕ್ಕೆ ಹಾಕಿ, ಎರಡೂ ಕಡೆ ದಾಖಲೆಗಳ ಎಣಿಕೆ ಹೊಂದುತ್ತದೆಯೇ ನೋಡಿ.

ಇದರ ಜತೆಗೆ ಸಮುದಾಯವನ್ನು ಬಲಪಡಿಸುವ ಪಾಲನ್ನೂ ತೆಗೆದುಕೊಳ್ಳಿ. ಹೊಸ ವೈಶಿಷ್ಟ್ಯ ಬರೆದು ಕಳಿಸುವುದು ದಣಿದ ಮೇಂಟೇನರ್‌ಗೆ ಇನ್ನೊಂದು ಹೊರೆಯಾಗುತ್ತದೆ, ಏಕೆಂದರೆ ಅದನ್ನು ಮುಂದೆ ಕಾಪಾಡಬೇಕಾದವರು ಅವರೇ. ಅವರಿಗೆ ಹಗುರಾಗುವುದು ಬೇರೆ ಕೆಲಸಗಳಿಂದ: ದೂರುಗಳನ್ನು ಮರುಸೃಷ್ಟಿಸಿ ಖಚಿತಪಡಿಸುವುದು, ಒಂದೇ ದೋಷದ ಬಗ್ಗೆ ಮತ್ತೆ ಮತ್ತೆ ಬಂದ ದೂರುಗಳನ್ನು ಒಟ್ಟುಗೂಡಿಸುವುದು, ಇತರರ ಪುಲ್ ರಿಕ್ವೆಸ್ಟ್ ಪರಿಶೀಲಿಸುವುದು, ಬಿಡುಗಡೆಯ ಮೊದಲು ಪರೀಕ್ಷಿಸುವುದು. ವಾರಕ್ಕೆ ಎರಡು ಗಂಟೆ ಹೀಗೆ ಕೊಡುವವರು ಮೂರು ಜನ ಸಿಕ್ಕರೆ ಸಣ್ಣ ಯೋಜನೆಯೊಂದರ ಉಸಿರಾಟವೇ ಬದಲಾಗುತ್ತದೆ. ಹಣ ಕೊಡುವುದಾದರೆ ಒಂದೇ ಸಲದ ದೊಡ್ಡ ಮೊತ್ತಕ್ಕಿಂತ ತಿಂಗಳು ತಿಂಗಳು ಬರುವ ಸಣ್ಣ ಮೊತ್ತ ಉಪಯುಕ್ತ, ಅದನ್ನು ನಂಬಿ ಕೆಲಸದ ಸಮಯ ಹೊಂದಿಸಿಕೊಳ್ಳಬಹುದು.

ಆಯ್ಕೆ ಆದ ಮೇಲೆ ಅಳತೆಯ ಹಾಳೆಯನ್ನು ಎತ್ತಿಡಿ, ಆರು ತಿಂಗಳಿಗೊಮ್ಮೆ ಅದೇ ಅಂಕಿಗಳನ್ನು ಪಕ್ಕದ ಕಾಲಂನಲ್ಲಿ ತುಂಬಿ. ಮೇಂಟೇನರ್ ಬದಲಾದರೆ, ಕಂಪನಿ ಮಾರಾಟವಾದರೆ, ಹೊಸ ಸಿಎಲ್‌ಎ ಬಂದರೆ, ಅಥವಾ ಭದ್ರತಾ ದೋಷದ ದೂರು ಎರಡು ವಾರ ಉತ್ತರವಿಲ್ಲದೆ ಉಳಿದರೆ ಆರು ತಿಂಗಳು ಕಾಯದೆ ಅಂದೇ ಮತ್ತೆ ಅಳೆಯಿರಿ. ಬಸ್ ಫ್ಯಾಕ್ಟರ್ 3ರಿಂದ 1ಕ್ಕೆ ಇಳಿದದ್ದು ಕಂಡ ದಿನ, ಬದಲಿ ಉಪಕರಣವನ್ನು ಪಕ್ಕದಲ್ಲಿ ಪ್ರಯೋಗಕ್ಕೆ ಹಾಕಲು ಶುರುಮಾಡಿ.